ಓಗೊಡುವ ಕಪ್ಪೆಗಳು

"ಹಿಂದಕ್ಕೆ ತಗೊಳ್ರೀ, ಗೋಡೆಗೆ ತಾಗ್ತಾ ಇದೆ!" ಮೂರ್ತಿ ಕೈಬೀಸಿದರು.

ಶವಪೆಟ್ಟಿಗೆಯ ತಲೆಯ ಕಡೆ ಊಟದ ಕೋಣೆಯಲ್ಲಿತ್ತು, ಕಾಲಿನ ಕಡೆ ಇನ್ನೂ ಹಜಾರದಲ್ಲಿ. ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಗ್ಲೆನ್ ವೇವರ್ಲಿಯ ಆ ಮನೆ ಕಟ್ಟಿದವರು ಇಂಥ ದಿನವೊಂದನ್ನು ಯೋಚಿಸಿರಲಿಲ್ಲ. ಮೂರ್ತಿ ವಾರವೆಲ್ಲ ರೈಲ್ವೆ ಇಂಜಿನಿಯರು, ಶನಿವಾರ ಭಾನುವಾರ ಮೆಲ್ಬರ್ನಿನ ಕನ್ನಡಿಗರಿಗೆ ಪುರೋಹಿತರು.

"ಗರಾಜಿಗೇ ತಗೊಂಡು ಹೋಗುವ," ಎಂದ ಕಮಿಲ್ಲಸ್. ಸತ್ತ ಚಂದ್ರಮೋಹನರ ಕಪ್ಪೆ ಸಂಶೋಧನೆಯ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ ಮಂಗಳೂರಿನವನು.

"ಯಜಮಾನರನ್ನ ಗರಾಜಲ್ಲಿ ಇಡೋದೇನ್ರೀ?"

"ಅವರು ಜಾಸ್ತಿ ಇದ್ದದ್ದು ಅಲ್ಲಿಯೇ ಅಲ್ವಾ ಮಾರಾಯ್ರೆ."

ಯಾರೋ ನಕ್ಕು, ಕೆಮ್ಮಿ ಮುಚ್ಚಿಕೊಂಡರು. ಕಾಲಿನ ಕಡೆ ಹಿಡಿದಿದ್ದ ತಮ್ಮ ಶ್ರೀಕಂಠ ನಗಲಿಲ್ಲ. ಬೆಳಗಿನ ವಿಮಾನಕ್ಕೆ ಸಿಡ್ನಿಯಿಂದ ಬಂದಿದ್ದ. ಅಣ್ಣನ ಮುಖ ನೋಡಿ ಏಳು ವರ್ಷವಾಗಿತ್ತು.

ಗರಾಜಿನಲ್ಲಿ ಪಾಚಿ ತುಂಬಿದ ತೊಟ್ಟಿಗಳನ್ನು ಪಕ್ಕಕ್ಕೆ ಸರಿಸಿ ವಿಧಿಗಳು ನಡೆದವು. ಶ್ರೀಕಂಠ ಬಾಯಿಗೆ ಅಕ್ಕಿ ಹಾಕಿದ. ಅಣ್ಣನ ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಯಾವಾಗ ಆಯಿತೆಂದು ಕೇಳುವ ಹಾಗಿರಲಿಲ್ಲ. ಶವಸಂಸ್ಕಾರದ ಕಂಪನಿಯ ಕಪ್ಪು ಸೂಟಿನವರು ಮುಚ್ಚಳ ಹಾಕಿ ತಿರುಪು ಬಿಗಿದರು.

"ಅಂಕಲ್, ಯೂ ಶುಡ್ ಈಟ್ ಸಂಥಿಂಗ್," ಎಂದಳು ಅಣ್ಣನ ಮಗಳು ಅಪರ್ಣ. ಚಿಕ್ಕಂದಿನಲ್ಲಿ ಅವಳು ಚಿಕ್ಕಪ್ಪ ಎನ್ನುತ್ತಿದ್ದಳು.

ಅನಸೂಯಾ ಕಾಫಿ ಲೋಟ ಹಿಡಿದು ಅವನ ಮುಂದೆ ನಿಂತರು.

"ಅತ್ತಿಗೆ, ನಾನು..."

"ನಿನ್ನ ಫೋನಿನ ಮೆಷಿನ್ನಿಗೆ ಮಾತಾಡೀ ಮಾತಾಡೀ ಅವರಿಗೆ ಬೀಪ್ ಅಂದ ಮೇಲೇ ಮಾತು ಹೊರಡ್ತಿತ್ತು, ಶ್ರೀಕಂಠ. ಕುಡಿ, ಆರತ್ತೆ."

*

ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಆ ಫೋನು ಬರುತ್ತಿತ್ತು. ಸಿಡ್ನಿಯ ಫ್ಲ್ಯಾಟಿನಲ್ಲಿ ಶ್ರೀಕಂಠ ಅದರ ಪಕ್ಕದಲ್ಲೇ ನಿಂತಿರುತ್ತಿದ್ದ. ಮೆಷಿನ್ನು ಅವನ ಇಂಗ್ಲಿಷನ್ನು ಒದರಿ ಮುಗಿಸುತ್ತಿತ್ತು. ಆಮೇಲೆ ಅಣ್ಣನ ದನಿ: "ನಾನು ಕಣೋ. ಇದ್ದೀಯೇನೋ? ಇದ್ರೆ ಎತ್ತು." ಟೇಪು ಸುತ್ತುವ ಸದ್ದು. "ಸರಿ. ಹೋಳಿಗೆ ತಿನ್ನು."

ರಿಸೀವರಿನ ಮೇಲೆ ಕೈಯಿಟ್ಟು ನಿಂತ ಹಬ್ಬಗಳೂ ಇದ್ದವು.

ಎಂಬತ್ತೊಂಬತ್ತರ ಫೆಬ್ರವರಿಯಲ್ಲಿ ನಂಜನಗೂಡಿನಲ್ಲಿ ಅಮ್ಮ ಸತ್ತಾಗ ಅಣ್ಣ ಕಪ್ಪೆ ಎಣಿಸಲು ಆಸ್ಟ್ರೇಲಿಯಾದ ಬೆಟ್ಟ ಹತ್ತಿದ್ದ. ಅಲ್ಲಿಗೆ ಫೋನಿರಲಿಲ್ಲ. ಹಿರಿಯ ಮಗ ಇಡಬೇಕಾದ ಬೆಂಕಿಯನ್ನು ಶ್ರೀಕಂಠ ಇಟ್ಟ. ಚಂದ್ರಮೋಹನ್ ಬಂದದ್ದು ವೈಕುಂಠ ಸಮಾರಾಧನೆಯ ದಿನ, ಬೂಟಿನಲ್ಲಿ ಇನ್ನೂ ಬೆಟ್ಟದ ಕೆಸರಿತ್ತು. ಎಲೆ ಹಾಕಿ ಕೂತಿದ್ದವರ ಮುಂದೆಯೇ ಶ್ರೀಕಂಠ ಹೇಳಿದ: "ಕಪ್ಪೆಗಳ ಹತ್ತಿರವೇ ಇರು ಹೋಗು. ನಿನಗೆ ಅವೇ ಸಾಕು."

ಅಣ್ಣ ಉತ್ತರ ಕೊಡದೆ ಕೈ ತೊಳೆಯಲು ಎದ್ದುಹೋದ. ಆ ಮೌನ ಅಹಂಕಾರವೆಂದು ಶ್ರೀಕಂಠ ಏಳು ವರ್ಷ ನಂಬಿದ್ದ.

*

ಶವದ ಕಾರಿನ ಹಿಂದೆ ಕಮಿಲ್ಲಸನ ಹಳೆಯ ಹೋಲ್ಡನ್ ಕಾರು, ಪಕ್ಕದ ಸೀಟಿನಲ್ಲಿ ಶ್ರೀಕಂಠ. ಜುಲೈ ಚಳಿಗೆ ಗಾಜು ಮಂಜಾಗುತ್ತಿತ್ತು. ಕಮಿಲ್ಲಸ್ ತೋಳಿನಿಂದ ಒರೆಸುತ್ತಾ ಓಡಿಸಿದ.

"ನೀವು ಆ ಕಪ್ಪೆ ನೋಡಿದ್ದೀರಾ? ಕೊರಾಬರಿ ಅಂತ. ಹೆಬ್ಬೆರಳಿನ ಗೆಣ್ಣಿನಷ್ಟು. ಕಪ್ಪು, ಹಳದಿ ಪಟ್ಟೆ. ಮೈಯಲ್ಲಿ ವಿಷ, ಹಕ್ಕಿ ಸಹ ಮುಟ್ಟುದಿಲ್ಲ."

"ಇಲ್ಲ."

"ಪಾಚಿಯ ಒಳಗೆ ಇರ್ತದೆ, ಕಣ್ಣಿಗೆ ಕಾಣುದಿಲ್ಲ. ಎಣಿಸ್ಲಿಕ್ಕೆ ಒಂದೇ ದಾರಿ. ಜೌಗಿನ ಬದಿಯಲ್ಲಿ ನಿಂತು ಬೊಬ್ಬೆ ಹೊಡೀಬೇಕು. ಗಂಡು ಕಪ್ಪೆ ಒಳಗಿಂದ ಓಗೊಡ್ತದೆ. ಎಷ್ಟು ಓಗೊಟ್ಟವು, ಅಷ್ಟು ಉಂಟು ಅಂತ ಲೆಕ್ಕ."

"ಕೂಗಿದವನನ್ನ ಗೆಳೆಯ ಅನ್ಕೊಳ್ಳುತ್ತೋ?"

"ಎಂಥ ಗೆಳೆಯ! ಜಗಳಕ್ಕೆ. ನನ್ನ ಜಾಗಕ್ಕೆ ಯಾರು ಬಂದದ್ದು ಅಂತ ಬೈಯುದು. ವಿಷ ಹೊರಗಿನವರಿಗೆ, ತಮ್ಮತಮ್ಮಲ್ಲಿ ಬರೀ ಗಂಟಲು." ಕಮಿಲ್ಲಸ್ ಗೇರು ಬದಲಿಸಿದ. "ಬಿಳಿಯರೆಲ್ಲ ಹೇ ಫ್ರಾಗ್ ಅಂತ ಕೂಗ್ತಾರೆ. ನಮ್ಮ ಚಂದ್ರಮೋಹನ್ ಡಾಕ್ಟ್ರು ಹಾಗಲ್ಲ. 'ಲೋ ಸೀಕಾ, ಎಲ್ಲಿದ್ದೀಯೋ' ಅಂತ ಇಡೀ ಬೆಟ್ಟಕ್ಕೆ ಕೇಳುವ ಹಾಗೆ."

ಸೀಕ ಎಂದು ಶ್ರೀಕಂಠನನ್ನು ಕರೆಯುತ್ತಿದ್ದವರು ಇಬ್ಬರೇ. ಅಮ್ಮ, ಅಣ್ಣ.

"ಸೀಕ ಯಾರು ಅಂತ ಒಂದು ಸಲ ಕೇಳಿದೆ. ಸಿಡ್ನಿಯಲ್ಲಿ ತಮ್ಮ ಅಂದ್ರು. 'ಬೈದರೂ ಸಾಕು ಕಮಿಲ್ಲಸ್, ಇದ್ದಾನೆ ಅಂತಾದ್ರೂ ಗೊತ್ತಾಗುತ್ತೆ,' ಅಂದ್ರು." ಮತ್ತೆ ಗಾಜು ಒರೆಸುತ್ತಾ ಸೇರಿಸಿದ: "ಈ ವರ್ಷ ಆ ಜೌಗಿನಲ್ಲಿ ಒಂದೂ ಓಗೊಡಲಿಲ್ಲ. ಅವರು ಗಂಟಲು ಕಟ್ಟುವವರೆಗೆ ಕೂಗಿದರು. ನಾನೇ ಕೈ ಹಿಡಿದು ಎಳಕೊಂಡು ಬಂದೆ."

ಶ್ರೀಕಂಠ ಗಾಜಿನ ಕಡೆ ಮುಖ ತಿರುಗಿಸಿದ. ಹೊರಗೆ ಏನೂ ಕಾಣುತ್ತಿರಲಿಲ್ಲ.

*

ಅರ್ಧ ದಾರಿಯಲ್ಲಿ ಮೂರ್ತಿಯವರ ಕಾರು ಮುಂದೆ ನುಗ್ಗಿ ದೀಪ ಮಿನುಗಿಸಿತು. ಹಿಂದೆಯೇ ಎಲ್ಲ ಕಾರುಗಳೂ ಒಂದು ಪೆಟ್ರೋಲ್ ಬಂಕಿಗೆ ತಿರುಗಿದವು.

"ಕೂಗೋದೇ ಮರೆತುಬಿಟ್ಟಿದ್ವಿ!" ಮೂರ್ತಿ ಏದುಸಿರು ಬಿಡುತ್ತಾ ಇಳಿದರು. "ನಮ್ಮ ಕಡೆ ಅರ್ಧ ದಾರೀಲಿ ಚಟ್ಟ ಇಳಿಸಿ ಮೂರು ಸಲ ಕರೀತಾರೆ. ಜೀವ ಇದ್ರೆ ಏಳಲಿ ಅಂತ. ಮೂರಕ್ಕೂ ಏಳದಿದ್ರೆ ಮುಂದಕ್ಕೆ."

"ಸರ್ವೀಸ್ ಸ್ಟೇಷನ್ನಲ್ಲಾ, ಅಂಕಲ್?" ಎಂದಳು ಅಪರ್ಣ.

"ಫ್ರೀವೇನಲ್ಲಿ ನಿಲ್ಲಿಸೋಕಾಗತ್ತಾ ಮಗು?"

ಶವದ ಕಾರಿನ ಚಾಲಕ ಐದು ನಿಮಿಷಕ್ಕೆ ಒಪ್ಪಿ ಹಿಂಬಾಗಿಲು ಎತ್ತಿದ. ಪೆಟ್ಟಿಗೆ ಇಳಿಸಲಾಗದು, ತಿರುಪು ಬಿಚ್ಚಲಾಗದು ಎಂದ.

"ಹಾಗಾದ್ರೆ ಪೆಟ್ಟಿಗೆ ಒಳಗೆ ಕೇಳೋ ಹಾಗೆ ಜೋರಾಗಿ ಕೂಗು," ಎಂದು ಮೂರ್ತಿ ಶ್ರೀಕಂಠನನ್ನು ಮುಂದಕ್ಕೆ ತಳ್ಳಿದರು. ಅನಸೂಯಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಅವನನ್ನೇ ನೋಡಿದರು.

ಮೊದಲ ಸಲ ದನಿ ಹೊರಡಲೇ ಇಲ್ಲ. "ಅದು ಲೆಕ್ಕಕ್ಕಿಲ್ಲ," ಎಂದರು ಮೂರ್ತಿ ಮೆಲ್ಲಗೆ.

"ಅಣ್ಣಾ!"

ಗಾಳಿ ತುಂಬುವ ಯಂತ್ರಕ್ಕೆ ಚಕ್ರ ಒಡ್ಡಿದ್ದ ಹುಡುಗರು ತಿರುಗಿದರು.

"ಅಣ್ಣಾ!" ಈ ಸಲ ಗಂಟಲು ಹರಿಯುವಂತೆ.

"ಇನ್ನೊಂದು," ಎಂದರು ಮೂರ್ತಿ.

ಶ್ರೀಕಂಠ ಕೂಗಲಿಲ್ಲ. ಎರಡೂ ಕೈ ಪೆಟ್ಟಿಗೆಯ ಮೇಲೂರಿ, ಕಿವಿಯನ್ನು ಮರಕ್ಕೆ ಒತ್ತಿ ಬಗ್ಗಿದ. ಚಾಲಕ ಗಡಿಯಾರ ನೋಡಿದ. ಕಾರುಗಳ ಇಂಜಿನ್ನುಗಳು ಒಂದೊಂದಾಗಿ ಆರಿದವು. ಪಂಪಿನ ಬಳಿ ಪೆಟ್ರೋಲ್ ತುಂಬಿಸುತ್ತಿದ್ದ ಹೆಂಗಸು ಏನೂ ಅರ್ಥವಾಗದೆ ಕೊಳವೆಯ ಗುಂಡಿಯಿಂದ ಬೆರಳು ಸಡಿಲಿಸಿದಳು. ಮೀಟರಿನ ಅಂಕಿಗಳು ನಿಂತವು.