ಎರಡನೇ ಬೀಗ

ಮೂಳೆ ಪುಡಿಯಾದ ಸದ್ದು ಮೊದಲು, ಕಿರುಚಾಟ ಆಮೇಲೆ.

ತಗಡು ಒತ್ತುವ ಪ್ರೆಸ್ಸಿನ ಬಾಯಿಗೆ ಕೈ ಹಾಕಿ ಅಚ್ಚು ಬದಲಾಯಿಸುತ್ತಿದ್ದವನು ಫಿಟ್ಟರ್. ಗಾಜಿನ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದವಳು ಅವನ ಅತ್ತಿಗೆ. ಆ ಬೆಳಿಗ್ಗೆ ಯಂತ್ರಕ್ಕೆ ಹೊಸ ಪ್ರೋಗ್ರಾಂ ಹಾಕಿದವಳೂ ಅವಳೇ. ಪಕ್ಕದಲ್ಲಿದ್ದ ಎಲೆಕ್ಟ್ರಿಷಿಯನ್ ತುರ್ತು ನಿಲುಗಡೆಯ ಕೆಂಪು ಗುಂಡಿ ಗುದ್ದಿದ. ಪ್ರೆಸ್ಸು ನಿಂತಿತು, ಫಿಟ್ಟರನ ಅಂಗೈ ಮೇಲೆಯೇ. ಕಬ್ಬಿಣದ ಅಂಚಿನಿಂದ ರಕ್ತ ನಲ್ಲಿ ಬಿಟ್ಟ ಹಾಗೆ ಸುರಿಯಿತು.

"ಬೀಗ ಹಾಕಿದ್ದೆ ಅತ್ತಿಗೇ!"

"ನಾನೂ ಹಾಕ್ದೆ," ಎಲೆಕ್ಟ್ರಿಷಿಯನ್ ಅರಚಿದ. "ಒಳಗೆ ಕೈ ಇಡೋಣ ಅಂತ ಈಗ ತಾನೇ!"

ಎರಡು ಸಲ ಒತ್ತಿದ್ದಾರೆ. ಅವಳಿಗೆ ಹೊಳೆಯಿತು.

ಒಳಗೆ ಕೈ ಇಡುವ ಪ್ರತಿಯೊಬ್ಬನೂ, ಬೇರೆಯವರು ಹಾಕಿದ್ದರೂ, ಪ್ರೆಸ್ಸು ಇಳಿಯದಂತೆ ತಡೆಯುವ ಬೀಗದ ಗುಂಡಿಯನ್ನು ತಾನೊಮ್ಮೆ ಒತ್ತುವುದು ಆ ಕಾರ್ಖಾನೆಯ ರೂಢಿ. ಪ್ರೋಗ್ರಾಂನಲ್ಲಿ ಯಂತ್ರದ ಒಂದೊಂದು ಸ್ಥಿತಿಗೂ ಒಂದು ಗುರುತು, ಅಂದರೆ ಫ್ಲ್ಯಾಗ್: ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಅವನ್ನೆಲ್ಲ ನೋಡಿಕೊಳ್ಳಲು ಅವಳು ಬೇರೆಯವರು ಬರೆದಿಟ್ಟ ಕೋಡಿನ ಒಂದು ಸಿದ್ಧ ಲೈಬ್ರರಿ ಬಳಸಿದ್ದಳು. ಅದರಲ್ಲಿ ಫ್ಲ್ಯಾಗ್ ಸೇರಿಸಲು ಒಂದು ಆಜ್ಞೆ, ತೆಗೆಯಲು ಒಂದು, ಇದ್ದದ್ದನ್ನು ತಿರುವುಮುರುವು ಮಾಡಲು, ಅಂದರೆ ಒಂದನ್ನು ಸೊನ್ನೆ, ಸೊನ್ನೆಯನ್ನು ಒಂದು ಮಾಡಲು, ಇನ್ನೊಂದು. ಬೀಗಕ್ಕೆ ಅವಳು ಬರೆದದ್ದು ಆ ಕೊನೆಯದು. ಒಬ್ಬಳೇ ಪರೀಕ್ಷಿಸಿದ್ದಳು: ಒತ್ತಿದರೆ ಬೀಗ ಬಿತ್ತು, ಮತ್ತೆ ಒತ್ತಿದರೆ ತೆರೆಯಿತು. ಈಗ ಫಿಟ್ಟರ್ ಹಾಕಿದ ಬೀಗವನ್ನು ಎಲೆಕ್ಟ್ರಿಷಿಯನ್ ತೆಗೆದುಹಾಕಿದ್ದ. ಬೀಗ ಬಿದ್ದಾಗ ಅರ್ಧಕ್ಕೆ ನಿಂತಿದ್ದ ಏಟನ್ನು ಪ್ರೆಸ್ಸು ಪೂರೈಸಿತ್ತು.

ಕೀಲಿಮಣೆಯಿಂದಲೇ ಅವಳು ಬೀಗದ ಫ್ಲ್ಯಾಗ್ ಸೇರಿಸಿದಳು. ಪ್ರೆಸ್ಸು ಇನ್ನು ಇಳಿಯದು. 'ಮೇಲಕ್ಕೆ' ಅನ್ನುವ ಫ್ಲ್ಯಾಗನ್ನೂ ಸೇರಿಸಿದಳು. "ಕೆಂಪು ಗುಂಡಿ ಬಿಡೋ!"

ಪ್ರೆಸ್ಸು ಎದ್ದಿತು. ಕೈ ಮಾತ್ರ ಅಚ್ಚಿಗೆ ಕಚ್ಚಿಕೊಂಡಿತ್ತು. ಎಲೆಕ್ಟ್ರಿಷಿಯನ್ ಎರಡೂ ಕೈ ಒಳಗಿಟ್ಟು ಎಳೆಯತೊಡಗಿದ. ಅಷ್ಟರಲ್ಲಿ ಅಪಾಯದ ಸೈರನ್ ಹೊಡೆದುಕೊಂಡಿತು, ಮೇಸ್ತ್ರಿ ಓಡಿ ಬಂದ. ನಿಯಮ ಒಂದಿಷ್ಟೂ ತಪ್ಪದ ಅವನನ್ನು ಬೆನ್ನ ಹಿಂದೆ ಎಲ್ಲರೂ ರೂಲುದೊಣ್ಣೆ ಅನ್ನುತ್ತಿದ್ದರು.

"ಜರುಗೋ, ನಾನೂ ಹಿಡೀತೀನಿ. ಮೊದ್ಲು ಬೀಗ..."

"ಮುಟ್ಬೇಡಿ!" ಅವಳು ಕೋಣೆಯಿಂದ ನುಗ್ಗಿ ಬಂದಳು. ಸೈರನ್ನಿನಲ್ಲಿ ಕೂಗು ಮುಳುಗಿತು. ನೆಲದಲ್ಲಿದ್ದ ಸ್ಪ್ಯಾನರ್ ಎತ್ತಿ, ಬೀಗದ ಗುಂಡಿಯತ್ತ ಚಾಚಿದ್ದ ಮೇಸ್ತ್ರಿಯ ಮುಂಗೈಗೆ ಬೀಸಿದಳು. ಲಟಕ್ಕೆಂದಿತು. ಅವನು ಊಳಿಡುತ್ತಲೇ ಎಡಗೈ ಚಾಚಿದ. ಅಷ್ಟು ಮೈಗೂಡಿದ್ದ ಅಭ್ಯಾಸ. ಎರಡನೇ ಏಟು ದವಡೆಗೆ ಬಿತ್ತು.

"ಹುಚ್ಚೇನಮ್ಮಾ ನಿಂಗೆ!" ನೆಲಕ್ಕೆ ಬಿದ್ದ ಮೇಸ್ತ್ರಿ ಹಲ್ಲು, ರಕ್ತ ಒಟ್ಟಿಗೆ ಉಗಿದ.

"ನೀವು ಒತ್ತಿದ್ರೆ ಬೀಗ ಬಿಟ್ಟೋಗುತ್ತೆ! ಇವರಿಬ್ಬರ ಕೈಯೂ ಚಟ್ನಿ!"

ಚರ್ಮ ಹರಿದ ಸದ್ದಿನೊಂದಿಗೆ ಫಿಟ್ಟರನ ಕೈ ಹೊರಬಂತು. ಹೆಬ್ಬೆರಳು, ಅದರ ಪಕ್ಕದ್ದು ಬಂದವು. ಉಳಿದವು ಅಚ್ಚಿನಲ್ಲೇ ಉಳಿದವು. ಎಲೆಕ್ಟ್ರಿಷಿಯನ್ ಬೆಲ್ಟು ಬಿಚ್ಚಿ ಅವನ ತೋಳಿಗೆ ಬಿಗಿದ.

"ಅತ್ತಿಗೆ," ಫಿಟ್ಟರನ ತುಟಿ ಬಿಳಿಚಿತ್ತು. "ಅಣ್ಣಂಗೆ ಮೊದ್ಲು ಮೇಸ್ತ್ರಿ ಹಲ್ಲಿನ ವಿಷಯ ಹೇಳಿ. ಸ್ವಲ್ಪ ನಗ್ಲಿ. ಮಿಕ್ಕಿದ್ದು ಆಮೇಲೆ."

ಆಂಬುಲೆನ್ಸ್ ಬರುವವರೆಗೂ ಅವಳು ಬೀಗದ ಗುಂಡಿಗೆ ಬೆನ್ನು ಕೊಟ್ಟು, ಸ್ಪ್ಯಾನರ್ ಹಿಡಿದೇ ನಿಂತಿದ್ದಳು. ಸಹಾಯಕ್ಕೆಂದು ಅಚ್ಚಿನತ್ತ ಬಂದವರಿಗೂ ಒಂದೇ ಮಾತು:

"ಹಿಂದೆ ಸರೀರಿ."