ಉಸಿರಮ್ಮನ ಕ್ಯಾಮೆರಾ

ಬ್ಯಾಟರಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಗುಬ್ಬಿ ಬೀದಿಯುದ್ದಕ್ಕೂ ಓಡಿದಳು. ಸಾವಿನ ಮನೆಯಿಂದ ನಲವತ್ತೆರಡು ವರ್ಷದ ಹೆಂಗಸು ಹೀಗೆ ದಡಬಡ ಓಡಿ ಬರುವುದನ್ನು ಕಂಡು ಔಷಧಿ ಅಂಗಡಿಯವನು ಎದ್ದು ನಿಂತ. ಇನ್ನು ಯಾರಿಗೆ ಏನಾಯಿತೋ ಎಂದು ಅವನಿಗೆ ಗಾಬರಿ. ನಿಂತು ಹೇಳುವಷ್ಟು ಪುರುಸೊತ್ತು ಗುಬ್ಬಿಗಿರಲಿಲ್ಲ. ಆಗಲೇ ಒಂಬತ್ತೂವರೆ. ಹನ್ನೆರಡಕ್ಕೆ ವ್ಯಾನು ಬಂದು ದೊಡ್ಡಮ್ಮನನ್ನು ಕರೆದೊಯ್ಯುತ್ತದೆ. ಅಷ್ಟರೊಳಗೆ ದೊಡ್ಡಮ್ಮನದೊಂದು ಫೋಟೊ ಬೇಕಿತ್ತು. ಅದು ಎಲ್ಲಾದರೂ ಇದ್ದರೆ, ಬ್ಯಾಟರಿ ಸತ್ತು ಕೂತಿದ್ದ ಆ ಪುಟ್ಟ ಕ್ಯಾಮೆರಾದೊಳಗೆ ಮಾತ್ರ ಇತ್ತು.

ಕ್ಯಾಮೆರಾ ಅಂಗಡಿಯ ಬಾಗಿಲು ಅರ್ಧ ಮಾತ್ರ ಎತ್ತಿತ್ತು. ಗುಬ್ಬಿ ಬಗ್ಗಿ ಒಳಗೆ ನುಗ್ಗಿದಳು. ಗಾಜಿನ ಕಪಾಟು ಒರೆಸುತ್ತಿದ್ದ ಅಂಗಡಿಯವನು ಬೆಚ್ಚಿ ಬಟ್ಟೆ ಕೆಳಗೆ ಹಾಕಿದ.

“ಇದನ್ನ ಬೇಗ ಚಾರ್ಜ್ ಮಾಡಿಕೊಡಿ. ಚಾರ್ಜರ್ ಎಲ್ಲಿಟ್ಟಿದ್ದಾಳೋ ಮನೆಯೆಲ್ಲ ಹುಡುಕಿದ್ರೂ ಸಿಗ್ತಿಲ್ಲ.”

ಅವನು ಬ್ಯಾಟರಿ ತಿರುಗಿಸಿ ನೋಡಿದ. “ಇದು ಉಸಿರಮ್ಮನವರ ಕ್ಯಾಮೆರಾದ್ದಲ್ವಾ? ಅವರೆಲ್ಲಿ?”

“ಹೋಗ್ಬಿಟ್ಲು. ನಿನ್ನೆ ಬೆಳಿಗ್ಗೆ, ಕಾಫಿ ಲೋಟ ಕೈಯಲ್ಲಿ ಹಿಡ್ಕೊಂಡಿದ್ದ ಹಾಗೇ.”

ಅವನು ಸ್ಟೂಲಿನ ಮೇಲೆ ಕೂತುಬಿಟ್ಟ. “ಕ್ಯಾಮೆರಾ ಎಲ್ಲಿ?” ಎಂದ.

“ಮನೇಲಿ.”

“ಅಲ್ಲಮ್ಮಾ, ಕ್ಯಾಮೆರಾ ತಂದಿದ್ರೆ ಒಳಗಿನ ಕಾರ್ಡ್ ತೆಗೆದು ಈಗಲೇ ಇಲ್ಲೇ ನೋಡಬಹುದಿತ್ತಲ್ಲ.”

ಗುಬ್ಬಿ ಹಣೆ ಹಣೆ ಚಚ್ಚಿಕೊಂಡಳು. ಆ ಅವಸರದಲ್ಲಿ ಅವಳ ತಲೆಗೆ ಹೊಳೆದದ್ದು ಬ್ಯಾಟರಿಯೊಂದೇ. ಅಂಗಡಿಯವನು ಮಾತ್ರ ಆಗಲೇ ಎದ್ದಿದ್ದ. ಚಾರ್ಜ್ ಆಗಿದ್ದ ಇನ್ನೊಂದು ಬ್ಯಾಟರಿಯನ್ನೂ ಸಮಾರಂಭಗಳಿಗೆ ಒಯ್ಯುವ ಸಣ್ಣ ಪ್ರಿಂಟರನ್ನೂ ಚೀಲಕ್ಕೆ ತುರುಕಿ ಬಾಗಿಲು ಎಳೆದ.

“ನಡೀರಿ, ಸ್ಕೂಟರಲ್ಲಿ ಹೋಗೋಣ. ಆ ಕ್ಯಾಮೆರಾನ ನಾನೇ ಇಟ್ಕೋಬೇಕು ಅಂತಿದ್ದೆ. ಅವರು ಬಂದು ಕೈಯಲ್ಲಿ ಹಿಡಿದ ರೀತಿ ನೋಡಿ ಇಲ್ಲ ಅನ್ನೋಕಾಗ್ಲಿಲ್ಲ. ಎರಡು ದಿನ ಹೊಟ್ಟೆ ಉರ್ಕೊಂಡೆ.”

ಆಸ್ಪತ್ರೆಯಲ್ಲಿ ಮೂವತ್ತೈದು ವರ್ಷ ಎಕ್ಸ್‌ರೇ ತೆಗೆದ ದೊಡ್ಡಮ್ಮನನ್ನು ಊರು ಕರೆಯುತ್ತಿದ್ದುದೇ ಉಸಿರಮ್ಮ ಎಂದು. ‘ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ’ ಎಂಬ ಅವಳ ಮೂರು ಅಪ್ಪಣೆಗಳನ್ನು ಪಾಲಿಸದ ಎದೆ ಆ ಸುತ್ತಿನಲ್ಲಿ ಇರಲಿಲ್ಲ. ಎಲ್ಲರ ಒಳಗನ್ನೂ ನೋಡಿದವಳು ತನ್ನ ಹೊರಗನ್ನು ಯಾರಿಗೂ ತೆಗೆಯಗೊಡಲಿಲ್ಲ. ಯಾರಾದರೂ ಫೋನು ಎತ್ತಿದರೆ ಸಾಕು, ಅಂಗೈ ಅಡ್ಡ ಹಿಡಿದು “ಮುಂದೆ ನಿಂತ್ರೆ ಕಿರಣದ ಡೋಸ್ ಜಾಸ್ತಿ, ನಾನು ಹಿಂದೆ ನಿಲ್ಲೋಳು” ಎಂದು ಜಾರಿಕೊಳ್ಳುತ್ತಿದ್ದಳು. ಮನೆಯವರ ಚಿತ್ರಗಳಲ್ಲೆಲ್ಲ ಅವಳದು ಒಂದು ಅಂಗೈ ಅಷ್ಟೆ. ಆಸ್ಪತ್ರೆಯ ಹಳೆಯ ಗುರುತಿನ ಚೀಟಿಯಲ್ಲಿ ಇದ್ದ ಮುಖದ ಮೇಲೆ ಸರಿಯಾಗಿ ಸೀಲು ಬಿದ್ದಿತ್ತು.

“ಮುಖ ಇಲ್ಲದೆ ನಮ್ಮಕ್ಕನ್ನ ಹೇಗೆ ಕಳಿಸಲೇ?” ಎಂದು ಗುಬ್ಬಿಯ ಅಮ್ಮ ಬೆಳಿಗ್ಗೆಯಿಂದ ಹಿಡಿದ ಪಟ್ಟು ಬಿಟ್ಟಿರಲಿಲ್ಲ. ನಾಳೆ ಅಕ್ಕನ ಖಾಲಿ ಕುರ್ಚಿಯ ಮೇಲೆ ಏನನ್ನಿಟ್ಟು ನೋಡಲಿ ಎಂಬುದು ಅವಳ ಸಂಕಟ. ಗುಬ್ಬಿಯ ಸಂಕಟ ಬೇರೆ. ದೊಡ್ಡಮ್ಮ ಹೋಗುವ ಹಿಂದಿನ ದಿನ, ಭಾನುವಾರ, ಅವಳು ಆ ಕ್ಯಾಮೆರಾದ ಗುಂಡಿಯನ್ನು ಒಂದೇ ಒಂದು ಸಲ ಒತ್ತಿದ್ದಳು. ಚಿತ್ರ ಬಂದಿತ್ತೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ.

*

ಆ ಭಾನುವಾರ ಬಾಗಿಲು ತೆರೆದ ಕೂಡಲೇ ದೊಡ್ಡಮ್ಮ ಕ್ಯಾಮೆರಾವನ್ನು ಅವಳ ಕೈಗೆ ಕೊಟ್ಟಿದ್ದಳು. “ಮೊದಲು ಹಿಡಿ. ಕಣ್ಣಿಗೆ ಆಮೇಲೆ ಕೆಲಸ.”

ಸೋಪಿನ ಡಬ್ಬಿಯಷ್ಟೇ ಇದ್ದ ಅದು ಕಂಡದ್ದಕ್ಕಿಂತ ಭಾರವಾಗಿತ್ತು. ಲೆನ್ಸಿನ ಸುತ್ತ ಒಂದು ಬಳೆ. ತಿರುಗಿಸಿದರೆ ಟಿಕ್ ಟಿಕ್ ಎಂದು ಬೆಳಕಿನ ಲೆಕ್ಕ ಬೆರಳಿಗೇ ಸಿಗುತ್ತಿತ್ತು. ತಲೆಯ ಮೇಲೊಂದು ಹಲ್ಲಿನ ಚಕ್ರ. ಕೈಗೆ ಹಾಕಿಕೊಳ್ಳುವ ಪಟ್ಟಿಗೆ ಉದ್ದನೆಯ ದಾರ ಕಟ್ಟಿ, ಅದರ ತುದಿಗೆ ಬೂದು ಬಣ್ಣದ ಏನೋ ಒಂದು ಚೂರನ್ನು ದೊಡ್ಡಮ್ಮ ತೂಗುಬಿಟ್ಟಿದ್ದಳು.

“ಜೂಮ್ ಎಲ್ಲಿ ದೊಡ್ಡಮ್ಮಾ?”

“ಕೆಳಗಿದೆ.”

ಗುಬ್ಬಿ ಕ್ಯಾಮೆರಾ ಬೋರಲು ಹಾಕಿ ನೋಡಿದಳು.

“ಇನ್ನೂ ಕೆಳಗೆ ಕಣೇ. ನಿನ್ನ ಕಾಲು. ಈ ಲೆನ್ಸು ಮುಂದೆ ಬರಲ್ಲ, ಹಿಂದೆ ಹೋಗಲ್ಲ, ಬಿಚ್ಚಿ ಬೇರೆ ಹಾಕೋಕೂ ಆಗಲ್ಲ. ಹತ್ತಿರ ಬೇಕಾದ್ರೆ ನೀನು ಹತ್ತಿರ ಹೋಗು. ಈ ಆರು ವಾರದಲ್ಲಿ ನಾನು ಯಾರ್ಯಾರ ಮನೆ ಅಂಗಳಕ್ಕೆ ಹೋಗಿದೀನಿ ಗೊತ್ತಾ? ಇಪ್ಪತ್ತು ವರ್ಷದಿಂದ ಮಾತಾಡದೆ ಇದ್ದ ಎದುರು ಮನೆಯವಳು ನಿನ್ನೆ ಚಹಾ ಕೊಟ್ಟಳು. ದೂರದಿಂದ ತೆಗೆದ್ರೆ ಅವಳು ಇರುವೆ ಥರ ಕಾಣ್ತಿದ್ಲು, ಹೋಗಲೇ ಬೇಕಾಯ್ತು.”

ಎಪ್ಪತ್ತೊಂದರ ದೊಡ್ಡಮ್ಮನ ಮುಖದಲ್ಲಿ ಹೊಸ ಸೈಕಲ್ ಸಿಕ್ಕವರ ಹಿಗ್ಗು. ಗುಬ್ಬಿಗೆ ನಗು ತಡೆಯಲಾಗಲಿಲ್ಲ. ಫೋನಲ್ಲಿ ಇರೋದನ್ನ ಬಿಟ್ಟು ಇಲ್ಲದ್ದನ್ನ ಕೊಂಡ್ಕೊಂಡಿದೀಯಲ್ಲ ಎಂದು ಮೊದಲ ವಾರ ಮೂಗು ಮುರಿದವಳೇ ಅವಳು. ಈಗ ಅವಳಿಗೂ ಆ ಬಳೆಯನ್ನು ತಿರುಗಿಸುತ್ತಲೇ ಇರಬೇಕು ಅನ್ನಿಸುತ್ತಿತ್ತು.

“ಸರಿ, ಈಗ ನಿನ್ನದು. ಕೂತ್ಕೋ,” ಎಂದಳು ಗುಬ್ಬಿ.

ಗಂಟೆಗಟ್ಟಲೆ ಪುಸಲಾಯಿಸಿದ ಮೇಲೆ ದೊಡ್ಡಮ್ಮ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಳು. ಎಷ್ಟು ಹತ್ತಿರ ಹೋಗಬೇಕೆಂದು ಅವಳೇ ಹೇಳಿಕೊಟ್ಟಳು. ಗುಬ್ಬಿ ಮಂಡಿಯೂರಿದಳು. ಒತ್ತುವ ಹೊತ್ತಿಗೆ ಸರಿಯಾಗಿ ದೊಡ್ಡಮ್ಮ “ತಡೀ, ತಡೀ” ಎಂದು ಮುಂದಕ್ಕೆ ಬಾಗಿದಳು, ಕ್ಯಾಮೆರಾದ ಪರದೆ ಕಪ್ಪಾಯಿತು.

“ಬಂತಾ?”

“ಗೊತ್ತಾಗ್ಲಿಲ್ಲ. ಸದ್ದೇ ಆಗ್ಲಿಲ್ಲವಲ್ಲ.”

“ಇದರದ್ದು ಸದ್ದು ಆಗಲ್ಲ, ಅದೇ ಇದರ ಮಜಾ. ಬ್ಯಾಟರಿ ಸತ್ತಿದೆ. ಹೋಗ್ಲಿ ಬಿಡು, ಮುಂದಿನ ಭಾನುವಾರ ಬಾ.”

*

ಮನೆಯ ಹಜಾರದಲ್ಲಿ ದೊಡ್ಡಮ್ಮ ಬಿಳಿ ಹೊದಿಕೆಯ ಕೆಳಗೆ ಮಲಗಿದ್ದಳು. ಅಂಗಡಿಯವನು ಅವಳ ಕಾಲ ಬಳಿ ಕೈಮುಗಿದು ನಿಂತು, ಆಮೇಲೆ ಊಟದ ಮೇಜಿನ ಹತ್ತಿರ ಹೋಗಿ ಬ್ಯಾಟರಿ ಹಾಕಿದ. ಹಸಿರು ದೀಪ ಹತ್ತಿತು.

“ಮೊದಲಿಂದ ಬರ್ತಿದೆ. ನಾನೂರ ಹನ್ನೆರಡು ಇದೆ,” ಎಂದ ಅವನು.

“ಕೊನೇದು ತೋರಿಸಿ.”

“ತಡಿಯೇ,” ಎಂದಳು ಅಮ್ಮ. ಅವಳ ದನಿಯಲ್ಲಿ ಹೆದರಿಕೆ ಇತ್ತು. “ಕೊನೇಲಿ ಏನೂ ಇಲ್ಲದೆ ಹೋದ್ರೆ? ಮೊದಲು ಇರೋದನ್ನ ನೋಡೋಣ.”

ಗುಬ್ಬಿಗೂ ಅದೇ ಭಯ.

ಒಂದೊಂದಾಗಿ ಚಿತ್ರಗಳು ಬಂದವು. ಎದುರು ಮನೆಯವಳ ಸುಕ್ಕಿನ ನಗು. ಔಷಧಿ ಅಂಗಡಿಯವನು ಆಕಳಿಸುತ್ತಿರುವುದು. ಹಗ್ಗದ ಮೇಲೆ ಒಣಗಿದ ಅಂಗಿಯೊಳಗೆ ತುಂಬಿಕೊಂಡ ಗಾಳಿ. “ಇದು ನಮ್ಮ ಮೆಟ್ಟಿಲು” “ಅಯ್ಯೋ, ಇದು ನಾನು, ನನಗೆ ಗೊತ್ತೇ ಇಲ್ಲ ತೆಗೆದದ್ದು” ಎಂದು ಅಳಲು ಬಂದವರೆಲ್ಲ ಮೇಜಿನ ಸುತ್ತ ಮುಗಿಬಿದ್ದರು. ಕ್ಯಾಮೆರಾದ ಡಬ್ಬಿಯಲ್ಲಿ ಒಂದು ನೋಟುಬುಕ್ಕೂ ಸಿಕ್ಕಿತು. ಎಕ್ಸ್‌ರೇ ವರದಿಯ ಕೊನೆಯಲ್ಲಿ ಡಾಕ್ಟರು ಬರೆಯುವ ತೀರ್ಮಾನಕ್ಕೆ ಇಂಪ್ರೆಷನ್ ಎನ್ನುತ್ತಾರೆ. ಅದನ್ನು ಬರೆಯುವ ಹಕ್ಕು ದೊಡ್ಡಮ್ಮನಿಗೆ ಮೂವತ್ತೈದು ವರ್ಷ ಇರಲಿಲ್ಲ. ಈ ಪುಸ್ತಕದಲ್ಲಿ ಅವಳು ದಿನಕ್ಕೊಂದು ಬರೆದಿದ್ದಳು. ಗುಬ್ಬಿ ಗಟ್ಟಿಯಾಗಿ ಓದಿದಳು.

“ದಿನ ಮೂರು. ಪರೀಕ್ಷೆ: ಅಡುಗೆಮನೆಯ ನಲ್ಲಿ, ಬೆಳಿಗ್ಗೆ ಏಳು. ಕಂಡದ್ದು: ತುದಿಯ ಹನಿಯಲ್ಲಿ ಇಡೀ ಕಿಟಕಿ. ಇಂಪ್ರೆಷನ್: ಇಷ್ಟು ವರ್ಷ ಇದರ ಕೆಳಗೆ ಪಾತ್ರೆ ತೊಳೆದವಳು ಕುರುಡಿ.”

“ದಿನ ಹನ್ನೊಂದು. ಬ್ಯಾಟರಿ ಬಲು ಬೇಗ ಮುಗಿಯುತ್ತದೆ. ಇಂಪ್ರೆಷನ್: ನನ್ನ ತಂಗಿಯ ಹಾಗೆ. ಗಾತ್ರ ಚಿಕ್ಕದು, ಗಂಟೆಗೊಮ್ಮೆ ತಿನ್ನಿಸಬೇಕು.”

ಅಮ್ಮ ನಕ್ಕಳು, ನಕ್ಕದ್ದಕ್ಕೆ ಅತ್ತಳು, ಅತ್ತು ಮತ್ತೆ ನಕ್ಕಳು.

“ಒಂದು ಮಾತು ಹೇಳ್ಲಾ?” ಎಂದ ಅಂಗಡಿಯವನು ಮೆಲ್ಲಗೆ. “ಎಲ್ಲ ಚೆನ್ನಾಗಿ ಬಂದಿದೆ. ಆದ್ರೆ ಒಂದೊಂದರಲ್ಲೂ ಬೆರಳು ಬಂದಿದೆ. ನೋಡಿ, ಎಡಗಡೆ ಮೂಲೆಯಲ್ಲಿ ಏನೋ ಮಸುಕು ಮಸುಕು. ಲೆನ್ಸಿಗೆ ಬೆರಳು ಅಡ್ಡ ಬರ್ತಿದೆ ಅಂತ ನಾನಾದ್ರೂ ಹೇಳಿಕೊಡಬೇಕಿತ್ತು.”

“ಅದು ತಪ್ಪಲ್ಲಪ್ಪ,” ಎಂದು ಹಿಂದಿನಿಂದ ಒಂದು ದನಿ ಬಂತು. ಡಾರ್ಕ್‌ರೂಂ ಮಾವ. ಕಂಪ್ಯೂಟರು ಬರುವವರೆಗೂ ಆಸ್ಪತ್ರೆಯಲ್ಲಿ ದೊಡ್ಡಮ್ಮ ತೆಗೆದ ಫಿಲ್ಮುಗಳನ್ನು ಕತ್ತಲಲ್ಲಿ ತೊಳೆದವನು. ಈಗ ಎಂಬತ್ತು ದಾಟಿದ್ದ. ಪಟ್ಟಿಗೆ ತೂಗುಬಿದ್ದ ಬೂದು ಚೂರನ್ನು ಅವನು ಅಂಗೈ ಮೇಲೆ ಇಟ್ಟುಕೊಂಡ. ಸೀಸದಲ್ಲಿ ಎರೆದ ಒಂದೇ ಒಂದು ಅಕ್ಷರ. “ಎಕ್ಸ್‌ರೇಲಿ ಎಡಗಡೆ ಯಾವುದು ಅಂತ ಹೇಳೋ ಅಕ್ಷರ ಇದು. ಇದನ್ನೇ ಅವರು ಮೂಲೇಲಿ ಹಿಡಿದಿರೋದು.”

*

ದೊಡ್ಡಮ್ಮ ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಒಬ್ಬ ಗಾರೆ ಕೆಲಸದವನ ಎದೆಯ ಚಿತ್ರ ತೆಗೆದಿದ್ದಳು. ಅವನ ಒಂದು ಕಡೆ ನೀರು ತುಂಬಿತ್ತು. ಜನ ಸಾಲುಗಟ್ಟಿದ್ದ ದಿನ. ಫಿಲ್ಮಿನ ಮೂಲೆಗೆ ಈ ಅಕ್ಷರ ಇಡುವುದನ್ನು ಮರೆತಳು. ಮಧ್ಯಾಹ್ನ ಲೋಟ ತೊಳೆಯುತ್ತಿದ್ದಾಗ ಅದು ನೆನಪಾಯಿತು. ಎರಡು ಮಹಡಿ ಹತ್ತಿ ಓಡಿದಳು. ಮೇಲೆ ಯಾರೋ ಫಿಲ್ಮನ್ನು ತಿರುವಿ ಹಾಕಿದ್ದರು. ಡಾಕ್ಟರು ನೀರು ತೆಗೆಯಲು ಸೂಜಿ ಹಿಡಿದು ರೋಗಿಯ ಬೆನ್ನಿನ ತಪ್ಪು ಕಡೆ ನಿಂತಿದ್ದರು. ದೊಡ್ಡಮ್ಮ ಒದ್ದೆ ಕೈಯನ್ನೇ ಅವನ ಬೆನ್ನ ಮೇಲೆ ಅಡ್ಡ ಇಟ್ಟು, “ಈ ಕಡೆ ಅಲ್ಲ” ಎಂದಳು.

“ಇಂಪ್ರೆಷನ್ ಬರೆಯೋದು ನೀವಲ್ಲ,” ಎಂದರು ಡಾಕ್ಟರು ಸಿಡುಕಿ.

“ಬರೆಯೋದು ನೀವೇ ಸಾರ್. ಎಡ ಯಾವುದು ಅಂತ ಹೇಳೋದು ನನ್ನ ಕೆಲಸ. ನಾನದನ್ನ ಮಾಡಿರಲಿಲ್ಲ.”

ಅಂದಿನಿಂದ ಆ ಅಕ್ಷರವಿಲ್ಲದೆ ಅವಳ ಕೈಯಿಂದ ಒಂದು ಚಿತ್ರವೂ ಹೊರಗೆ ಹೋಗಲಿಲ್ಲ. ನಿವೃತ್ತಿಯ ದಿನ ಆಸ್ಪತ್ರೆಯಿಂದ ಅವಳು ಕೇಳಿ ಪಡೆದುಕೊಂಡದ್ದು ಅದೊಂದನ್ನೇ.

*

“ಕೊನೇದು,” ಎಂದ ಅಂಗಡಿಯವನು. ಗಡಿಯಾರದಲ್ಲಿ ಹನ್ನೊಂದೂಕಾಲು.

ಗುಬ್ಬಿ ಕಣ್ಣು ಮುಚ್ಚಿ ತೆರೆದಳು. ಚಿತ್ರ ಬಂದಿತ್ತು.

ಪರದೆಯ ಅರ್ಧ ತುಂಬ ಒಂದು ಕೈ. ಹೆಬ್ಬೆರಳು ತೋರುಬೆರಳ ನಡುವೆ ಸೀಸದ ಅಕ್ಷರ. ಉಗುರಿನ ಗೆರೆ, ಗೆಣ್ಣಿನ ಸುಕ್ಕು, ಒಂದೊಂದೂ ಕಡೆದಿಟ್ಟಂತೆ ಸ್ಪಷ್ಟ. ಅದರ ಹಿಂದೆ, ಕಿಟಕಿಯ ಬೆಳಕಿನಲ್ಲಿ ಕರಗಿಹೋದಂತೆ ಒಂದು ಮುಖ. ಬಾಯಿ ತೆರೆದು ಏನೋ ಹೇಳುತ್ತಿದೆ, ನಗುತ್ತಿದೆ, ಅಷ್ಟು ಗೊತ್ತಾಗುತ್ತಿತ್ತು. ‘ತಡೀ ತಡೀ’ ಎಂದದ್ದು ಏಕೆಂದು ಗುಬ್ಬಿಗೆ ಈಗ ತಿಳಿಯಿತು. ಅಕ್ಷರವಿಲ್ಲದೆ ತನ್ನ ಚಿತ್ರವನ್ನೂ ತೆಗೆಯಗೊಡಲು ದೊಡ್ಡಮ್ಮನಿಗೆ ಮನಸ್ಸಿರಲಿಲ್ಲ. ತೂಗುತ್ತಿದ್ದ ದಾರಕ್ಕೆ ಕೈ ಚಾಚಿದ್ದಳು.

“ಛೆ,” ಎಂದ ಅಂಗಡಿಯವನು. “ಹತ್ತಿರದ ಕೈಗೆ ಫೋಕಸ್ ಹೋಗಿಬಿಟ್ಟಿದೆ. ಮುಖ ಕೆಟ್ಟಿದೆ.”

ಕೈಯಲ್ಲಿದ್ದ ಒಂದೇ ಅವಕಾಶವನ್ನು ತಾನು ಹಾಳುಮಾಡಿದೆ ಎಂದುಕೊಂಡಳು ಗುಬ್ಬಿ. ಅಷ್ಟರಲ್ಲಿ ಡಾರ್ಕ್‌ರೂಂ ಮಾವ ಮೇಜಿನ ಅಂಚು ಹಿಡಿದು ಪರದೆಯ ಹತ್ತಿರಕ್ಕೆ ಬಗ್ಗಿದ.

“ಇವರೇ,” ಎಂದ. “ನನ್ನ ಕತ್ತಲೆ ಕೋಣೆಗೂ ಅವರ ಕೋಣೆಗೂ ನಡುವೆ ಗೋಡೇಲಿ ಒಂದು ಕಿಂಡಿ ಇತ್ತು. ಫಿಲ್ಮಿನ ಪೆಟ್ಟಿಗೆ ಅದರಲ್ಲಿ ಬರೋದು. ದಿನಕ್ಕೆ ನೂರು ಸಲ ಈ ಕೈ ಒಳಗೆ ಬರ್ತಿತ್ತು. ನಾನು ಇವರನ್ನ ನೋಡಿರೋದೇ ಹೀಗೆ.” ಅವನು ತಲೆ ಎತ್ತಿ ಸುತ್ತ ನೋಡಿದ. “ತೆಗೆದವರು ಯಾರು? ಚೆನ್ನಾಗಿ ತೆಗೆದಿದ್ದಾರೆ.”

ಅಮ್ಮ ಕನ್ನಡಕ ಒರೆಸಿಕೊಂಡು ನೋಡಿದಳು. ತುಂಬ ಹೊತ್ತು ನೋಡಿದಳು. “ಜ್ವರ ಬಂದಾಗ ನನ್ನ ಹಣೆ ಮೇಲೆ ಇಡ್ತಿದ್ದದ್ದು ಇದೇ ಕೈ,” ಎಂದು ಗುಬ್ಬಿಯ ಕಡೆ ತಿರುಗಿದಳು. “ದೊಡ್ಡದಾಗಿ ಹಾಕ್ಸು. ಕುರ್ಚಿ ಮೇಲೆ ಇದೇ ಇರಲಿ.”

ಪ್ರಿಂಟರು ಗುರ್ರೆಂದು ಕಾಗದ ಹೊರಹಾಕತೊಡಗಿತು. ಗುಬ್ಬಿ ನೋಟುಬುಕ್ಕಿನ ಕೊನೆಯ ಪುಟ ತೆರೆದಳು. ‘ಮುಂದಿನ ಪರೀಕ್ಷೆ: ಬೀದಿಯವರೆಲ್ಲ ಒಂದೇ ಚಿತ್ರದಲ್ಲಿ. ಹಿಂದೆ ಹಿಂದೆ ಹೋಗಬೇಕು. ಬೀದಿಯ ಅಗಲ ಸಾಲುತ್ತದೋ ನೋಡಬೇಕು.’ ಅದರ ಕೆಳಗೆ ‘ಇಂಪ್ರೆಷನ್’ ಎಂದು ಬರೆದು ಜಾಗ ಖಾಲಿ ಬಿಟ್ಟಿತ್ತು.

ಹನ್ನೆರಡಕ್ಕೆ ವ್ಯಾನು ಬಂತು. ದೊಡ್ಡಮ್ಮನನ್ನು ಒಳಗೆ ಮಲಗಿಸಿದರು. ಡ್ರೈವರು ಬಾಗಿಲು ಹಾಕಲು ಹೋದಾಗ ಗುಬ್ಬಿ ತಡೆದಳು.

“ಒಂದು ನಿಮಿಷ. ಎಲ್ಲ ವ್ಯಾನಿನ ಹತ್ತಿರ ನಿಂತ್ಕೊಳ್ಳಿ. ನೀವೂ ಬನ್ನಿ ಡ್ರೈವರಣ್ಣ.”

ಯಾರೂ ಏಕೆಂದು ಕೇಳಲಿಲ್ಲ. ಅಮ್ಮ ಹೊಸ ಚಿತ್ರವನ್ನು ಎದೆಗವಚಿಕೊಂಡು ನಡುವೆ ನಿಂತಳು. ಗುಬ್ಬಿ ಕ್ಯಾಮೆರಾ ಎತ್ತಿದಳು. ಮೂವರು ಮಾತ್ರ ಕಂಡರು. ಹಿಂದೆ ಹೋದಳು, ಎಂಟು ಜನ. ಬೀದಿ ದಾಟಿದಳು, ಎದುರು ಮನೆಯವಳ ಗೇಟು ತಳ್ಳಿ ಒಳಗೆ ಹೋದಳು, ಮೆಟ್ಟಿಲು ಹತ್ತಿದಳು. ಬೆನ್ನು ಗೋಡೆಗೆ ತಾಗಿತು. ಎಲ್ಲರೂ ಹಿಡಿಸಿದರು. ತೆರೆದ ವ್ಯಾನಿನೊಳಗಿನ ಬಿಳಿ ಹೊದಿಕೆಯೂ ಹಿಡಿಸಿತು. ಅವಳು ದಾರ ಎಳೆದು ಸೀಸದ ಅಕ್ಷರವನ್ನು ಎಡ ಮೂಲೆಗೆ ತಂದಳು.

“ಉಸಿರು ಎಳ್ಕೊಳ್ಳಿ,” ಎಂದು ಕೂಗಿದಳು. “ಹಿಡ್ಕೊಳ್ಳಿ.”

ಬೀದಿಯ ಎದೆಗಳೆಲ್ಲ ಒಟ್ಟಿಗೆ ಉಬ್ಬಿ ನಿಂತವು. ಔಷಧಿ ಅಂಗಡಿಯವನು, ಕ್ಯಾಮೆರಾ ಅಂಗಡಿಯವನು, ಸ್ಟೀರಿಂಗು ಬಿಟ್ಟು ಬಂದ ಡ್ರೈವರು, ಕೋಲೂರಿದ ಡಾರ್ಕ್‌ರೂಂ ಮಾವ, ಅಮ್ಮ. ಸದ್ದಿಲ್ಲದೆ ಚಿತ್ರ ಬಂತು. ಗುಬ್ಬಿ ಕ್ಯಾಮೆರಾ ಇಳಿಸಲಿಲ್ಲ. ಮುಂದಿನ ಮಾತಿಗಾಗಿ ಅವರೆಲ್ಲ, ಕೆನ್ನೆ ಕೆಂಪಾದರೂ, ಉಸಿರು ಹಿಡಿದು ಅವಳನ್ನೇ ನೋಡುತ್ತ ನಿಂತಿದ್ದರು.