ಸೊಸೆಯ ಹೊಟ್ಟೆ, ಅತ್ತೆಯ ವೇಳಾಪಟ್ಟಿ

ಸೊಸೆ ಹೊಟ್ಟೆಯ ಆಪರೇಷನ್ ಮಾಡಿಸಿಕೊಳ್ಳುತ್ತಾಳೆಂದು ಮಗ ಫೋನಿನಲ್ಲಿ ಹೇಳಿದಾಗ ಹೆಡ್‌ಮಿಸ್ ಕಡ್ಡಿ ಮುರಿದಂತೆ ಕೇಳಿದರು: "ಕಾಯಿಲೆ ಇಲ್ಲದ ಹೊಟ್ಟೆಗೆ ಕತ್ತರಿ ಯಾಕೋ?"

ಶಾಲೆಯಿಂದ ನಿವೃತ್ತರಾಗಿ ಎಂಟು ವರ್ಷವಾಗಿದ್ದರೂ ಬೀದಿಯವರಿಗೆಲ್ಲ ಅವರು ಇನ್ನೂ ಹೆಡ್‌ಮಿಸ್ಸೇ. ಅತ್ತೆ ಎಂದು ಕರೆಯುವವಳು ಸೊಸೆ ಒಬ್ಬಳೇ.

ಆ ಸೊಸೆ ಪಾರ್ಲರಿನಲ್ಲಿ ಕೂದಲು ಕತ್ತರಿಸುತ್ತಾಳೆ. ಬೆಳಗಿನಿಂದ ಸಂಜೆಯವರೆಗೆ ನಿಂತೇ ಕೆಲಸ. ಅವಳಿ ಹೆಣ್ಣುಮಕ್ಕಳನ್ನು ಹೆತ್ತ ಮೇಲೆ ಅವಳ ಹೊಟ್ಟೆಯ ಸ್ನಾಯುಗಳು ನಡುವೆ ಬಿರಿದು ಮತ್ತೆ ಸೇರಲೇ ಇಲ್ಲ, ಚರ್ಮ ಜೋತುಬಿದ್ದಿತ್ತು. ಐದು ವರ್ಷ ವ್ಯಾಯಾಮ ಮಾಡಿದಳು. ತೂಕ ಇಳಿಯಿತು, ಹೊಟ್ಟೆ ಇಳಿಯಲಿಲ್ಲ. ಸೊಂಟನೋವಂತೂ ಕರೆಯದೆ ಬಂದ ನೆಂಟನ ಹಾಗೆ ಠಿಕಾಣಿ ಹೂಡಿತ್ತು. ಬಸ್ಸಿನಲ್ಲಿ ಯಾರಾದರೂ "ಎಷ್ಟು ತಿಂಗಳಮ್ಮ?" ಎಂದು ಎದ್ದು ಸೀಟು ಬಿಟ್ಟುಕೊಡುತ್ತಿದ್ದರು. ಮೊದಮೊದಲು ಬೇಡವೆನ್ನುತ್ತಿದ್ದಳು. ಆಮೇಲೆ ವಿವರಿಸಲು ಬೇಸರವಾಗಿ ಸುಮ್ಮನೆ ಕೂತುಬಿಡುತ್ತಿದ್ದಳು.

ಬೇಡವೆಂದ ಹೆಡ್‌ಮಿಸ್ಸೇ ಮರುವಾರ ಪೆಟ್ಟಿಗೆ ಹಿಡಿದು ಬಂದಿಳಿದರು. ಸೊಸೆಯೊಂದಿಗೆ ಆಸ್ಪತ್ರೆಗೆ ಹೋಗಿ, ಡಾಕ್ಟರಮ್ಮನ ಎದುರು ನೋಟ್‌ಬುಕ್ ಬಿಚ್ಚಿ, ಪೆನ್ನಿನ ಮುಚ್ಚಳ ತೆಗೆದು ಕೂತರು.

"ಎಲ್ಲಿ ಕೊಯ್ತೀರಿ?"

"ಕೆಳಹೊಟ್ಟೆಯಲ್ಲಿ, ಒಂದು ಸೊಂಟದಿಂದ ಇನ್ನೊಂದು ಸೊಂಟದವರೆಗೆ. ಬಿರಿದ ಸ್ನಾಯು ಸೇರಿಸಿ ಹೊಲೀತೀವಿ, ಹೆಚ್ಚಾದ ಚರ್ಮ ತೆಗೀತೀವಿ. ಹೊಕ್ಕುಳಿಗೆ ಹೊಸ ಜಾಗ ಮಾಡಿ ಕೂರಿಸ್ತೀವಿ."

"ಹೊಕ್ಕುಳೂ ವರ್ಗ ಆಗುತ್ತಾ!" ಹೆಡ್‌ಮಿಸ್ ಬರೆದುಕೊಂಡರು. "ಕಲೆ?"

"ಉಳಿಯುತ್ತೆ. ವರ್ಷ ಕಳೆದರೆ ಮಾಸುತ್ತೆ, ಪೂರ್ತಿ ಹೋಗಲ್ಲ. ಊತ ಇಳಿಯೋಕೇ ತಿಂಗಳುಗಟ್ಟಲೆ ಬೇಕು." ಡಾಕ್ಟರಮ್ಮ ಸೊಸೆಯತ್ತ ತಿರುಗಿದರು. "ಇನ್ನು ಮಕ್ಕಳು ಬೇಡ ಅಂತ ಗಟ್ಟಿ ಮಾಡ್ಕೊಂಡಿದೀರಾ?"

"ಇರೋ ಎರಡೇ ಇಪ್ಪತ್ತರಷ್ಟಿವೆ ಡಾಕ್ಟ್ರೇ," ಅಂದಳು ಸೊಸೆ.

ಆಪರೇಷನ್ನಿಗೆ ಮೂರು ಗಂಟೆ ಹಿಡಿಯಿತು. ಅಷ್ಟೂ ಹೊತ್ತು ಹೆಡ್‌ಮಿಸ್ ಕುರ್ಚಿಯ ತುದಿಯಲ್ಲೇ ಕೂತಿದ್ದರು. ಮಗ ತಂದ ಚಹಾ ಕೈಯಲ್ಲೇ ಆರಿತು. ಹೊರಗೆ ತಂದಾಗ ಸೊಸೆ ಮಂಪರಿನಲ್ಲಿ, "ಅತ್ತೆ, ಮುಗೀತಾ?" ಎಂದಳು. "ಮುಗೀತು ಕಂದ," ಎಂದ ಧ್ವನಿ ತಮ್ಮದೇ ಎಂದು ಹೆಡ್‌ಮಿಸ್‌ಗೇ ಗುರುತಾಗಲಿಲ್ಲ.

ಮನೆಗೆ ಬಂದ ದಿನವೇ ಗೋಡೆಗೆ ವೇಳಾಪಟ್ಟಿ ಅಂಟಿತು: ಮಾತ್ರೆ, ನೀರು, ನಡಿಗೆ. ಹೊಟ್ಟೆಯ ಪಕ್ಕದಿಂದ ಇಳಿಬಿದ್ದ ಎರಡು ಕೊಳವೆಗಳ ತುದಿಯಲ್ಲಿ ಪುಟ್ಟ ಬುಡ್ಡಿಗಳು. ಅವುಗಳಲ್ಲಿ ಇಳಿಯುವ ಕೆಂಪು ನೀರನ್ನು ಅಳೆದು, ಬರೆದು, ಚೆಲ್ಲುವ ಕೆಲಸ ಹೆಡ್‌ಮಿಸ್‌ದು. ರಕ್ತ ಕಂಡರೆ ಮುಖ ತಿರುಗಿಸುವವರು ಹಲ್ಲು ಕಚ್ಚಿ ಮಾಡಿದರು.

ಹೊಲಿಗೆ ಎಳೆಯದಿರಲೆಂದು ಸೊಸೆ ಮುಂದಕ್ಕೆ ಬಾಗಿಯೇ ನಡೆಯಬೇಕಿತ್ತು. ಕಾಲಲ್ಲಿ ರಕ್ತ ಹೆಪ್ಪುಗಟ್ಟದಿರಲು ನಡೆಯದೆ ವಿಧಿಯೂ ಇರಲಿಲ್ಲ. ಅತ್ತೆಯ ತೋಳು ಹಿಡಿದು ಪಡಸಾಲೆಯಲ್ಲಿ ಹೆಜ್ಜೆ ಹಾಕುವಾಗ ಒಂದು ದಿನ ಹಿಂದಿನಿಂದ ಕಿಸಕಿಸ ಕೇಳಿಸಿತು. ತಿರುಗಿದರೆ ಅವಳಿಗಳಿಬ್ಬರೂ ಅಮ್ಮನಂತೆಯೇ ಬಾಗಿ, ಸೊಂಟದ ಮೇಲೆ ಕೈಯಿಟ್ಟು, "ಅಯ್ಯೋ, ಅಮ್ಮಾ" ಎನ್ನುತ್ತ ಬರುತ್ತಿದ್ದರು.

"ಅತ್ತೆ, ಇವರನ್ನ ಓಡಿಸಿ! ನಕ್ಕರೆ ಪ್ರಾಣ ಹೋಗುತ್ತೆ!" ಕೆಮ್ಮು, ನಗು ಬಂದರೆ ಒತ್ತಿಕೊಳ್ಳಲೆಂದು ಜೊತೆಗಿಟ್ಟುಕೊಂಡಿದ್ದ ದಿಂಬನ್ನು ಸೊಸೆ ಹೊಟ್ಟೆಗವಚಿ ನಗುತ್ತ ಅಳುತ್ತ ಗೋಡೆಗೊರಗಿದಳು. ಗದರಲು ಬಾಯಿ ತೆರೆದ ಹೆಡ್‌ಮಿಸ್ ತಾವೇ ನಕ್ಕುಬಿಟ್ಟರು.

ಒಂಬತ್ತನೇ ದಿನ ಕೊಳವೆ ತೆಗೆದರು. ಮನೆಗೆ ಬಂದು ಕನ್ನಡಿಯೆದುರು ಹೊಟ್ಟೆಗೆ ಸುತ್ತಿದ್ದ ಬಿಗಿಪಟ್ಟಿ ಬಿಚ್ಚಿದ ಸೊಸೆ ಅಲ್ಲೇ ಕುಸಿದು ಕೂತಳು. ಹೊಟ್ಟೆ ಊದಿಕೊಂಡು, ಅಲ್ಲಲ್ಲಿ ನೀಲಿಗಟ್ಟಿ, ಕೆಳಗೆ ಕೆಂಪು ಗೆರೆ ಎಳೆದಂತಿತ್ತು.

"ನೀವು ಹೇಳಿದ್ದೇ ಸರಿ ಅತ್ತೆ. ಸುಮ್ನಿರಬೇಕಿತ್ತು."

ಹೆಡ್‌ಮಿಸ್ ಬಾಗಿಲು ಮುಚ್ಚಿ ಪಕ್ಕದಲ್ಲಿ ಕೂತರು. ಊತ ಇರುತ್ತೆಂದು ಡಾಕ್ಟರಮ್ಮ ಹೇಳಿದ್ದನ್ನು ನೋಟ್‌ಬುಕ್ಕಿನಿಂದ ಓದಿ ತೋರಿಸಬಹುದಿತ್ತು. ಅದನ್ನು ತೆರೆಯಲಿಲ್ಲ.

"ಶಾಲೆ ಫೋಟೋಗಳಲ್ಲಿ ನನ್ನನ್ನ ನೋಡಿದೀಯಲ್ಲ? ಪ್ರತಿ ವರ್ಷವೂ ಮಡಿಲಲ್ಲಿ ಬ್ಯಾಗು. ಮೂರು ಹೆತ್ತ ಹೊಟ್ಟೆ, ಮಕ್ಕಳು ನೋಡಿ ನಗ್ತಾರೆ ಅಂತ ಭಯ. ನಾನು ಮುಚ್ಚಿಟ್ಟುಕೊಂಡೇ ಬದುಕಿದೆ, ನೀನು ಯಾಕೆ ಬದುಕಬಾರದು ಅಂತ ಹಟ ಮಾಡ್ದೆ. ಹೊಟ್ಟೆಕಿಚ್ಚೂ ಸ್ವಲ್ಪ ಇತ್ತೇನೋ. ಹೊಟ್ಟೆಗೆ ಹಾಕ್ಕೋ."

"ಹಾಕ್ಕೊಳ್ಳೋಕೆ ಜಾಗ ಎಲ್ಲಿದೆ ಅತ್ತೆ? ಬಿಗಿಯಾಗಿ ಹೊಲಿದುಬಿಟ್ಟಿದಾರೆ," ಎಂದಳು ಸೊಸೆ ಮೂಗು ಒರೆಸುತ್ತ. ಇಬ್ಬರಿಗೂ ಮತ್ತೆ ನಗು. ದಿಂಬು ದೂರವಿತ್ತು, ಹೆಡ್‌ಮಿಸ್ ತಮ್ಮ ಅಂಗೈಯನ್ನೇ ಅವಳ ಹೊಟ್ಟೆಗೆ ಮೆಲ್ಲಗೆ ಒತ್ತಿ ಹಿಡಿದರು.

ಮೂರನೇ ವಾರಕ್ಕೆ ಸೊಸೆ ನೆಟ್ಟಗೆ ನಿಂತಳು. ಐದನೆಯದರಲ್ಲಿ ಅರ್ಧ ದಿನದ ಕೆಲಸಕ್ಕೆ ಹೋಗಿಬಂದು, ಸೊಂಟ ನೋಯಲಿಲ್ಲವೆಂದು ಎರಡೆರಡು ಸಲ ಹೇಳಿದಳು. ಹೊಕ್ಕುಳ ಕೆಳಗೆ ಮುಟ್ಟಿದರೂ ಗೊತ್ತಾಗದಷ್ಟು ಜೋಮು ಉಳಿದಿತ್ತು. ಅದಕ್ಕಿನ್ನೂ ಕಾಲ ಬೇಕೆಂದರು ಡಾಕ್ಟರಮ್ಮ. ಆರು ವಾರ ತುಂಬಿದ ದಿನ, ಇನ್ನು ಭಾರ ಎತ್ತಬಹುದು ಎಂದರು.

ಮರುದಿನ ಹೆಡ್‌ಮಿಸ್ ತಮ್ಮ ಊರಿಗೆ ಹೊರಟರು. ಸೊಸೆ ಪೆಟ್ಟಿಗೆಗೆ ಕೈ ಹಾಕಿದಳು.

"ಬಿಡು, ನಾನೇ ತಗೋತೀನಿ."

"ಡಾಕ್ಟ್ರು ಎತ್ತಬಹುದು ಅಂದ್ರಲ್ಲ!"

"ಡಾಕ್ಟ್ರು ಅಂದ್ರು, ನಾನು ಅಂದಿಲ್ಲ."

ಇಬ್ಬರೂ ಬಿಡಲಿಲ್ಲ. ಕೊನೆಗೆ ಒಂದೇ ಹಿಡಿಗೆ ಇಬ್ಬರೂ ಕೈ ಕೊಟ್ಟು, ನಿಧಾನ, ನಿಧಾನ ಎಂದು ಒಬ್ಬರನ್ನೊಬ್ಬರು ಎಚ್ಚರಿಸುತ್ತ ಮೆಟ್ಟಿಲಿಳಿದರು.